ಎರಡು ಜೋಡಿ ರೆಕ್ಕೆಯ ರಿಮೋಟ್ ಹೆಲಿಕಾಪ್ಟರ್ ಸುತ್ತುತ್ತಿದೆ, ಮೇಲೇಳುತ್ತಿಲ್ಲ. ಎಲ್ಲಿಂದ ಹುಡುಕಲಿ?

ಗುಬ್ಬಿ_ವಿಜ್ಞಾನ:

ಎಲ್ಲರಿಗೂ ನಮಸ್ಕಾರ. ನಾನು ಗುಬ್ಬಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಒಂಬತ್ತನೇ ಕ್ಲಾಸಿಗೆ ಕ್ರಿಯೆ-ಪ್ರತಿಕ್ರಿಯೆ ಪಾಠ ಮಾಡುವಾಗ ತೋರಿಸೋಕೆ ಅಂತ ಒಂದು ಚಿಕ್ಕ ರಿಮೋಟ್ ಹೆಲಿಕಾಪ್ಟರ್ ಇಟ್ಟುಕೊಂಡಿದ್ದೇನೆ. ಮೂರು ಚಾನೆಲ್‌ನದು, ಇನ್‌ಫ್ರಾರೆಡ್ ರಿಮೋಟ್. ಒಂದೇ ಶಾಫ್ಟಿನ ಮೇಲೆ ಒಂದರ ಮೇಲೊಂದು ಎರಡು ಜೋಡಿ ರೆಕ್ಕೆ. ಮೇಲಿನದು ಒಂದು ಕಡೆ ತಿರುಗಿದರೆ ಕೆಳಗಿನದು ಇನ್ನೊಂದು ಕಡೆ ತಿರುಗುತ್ತದೆ.

ನಮ್ಮ ಮಕ್ಕಳಿಗೆ ಹೆಲಿಕಾಪ್ಟರ್ ದೂರದ ವಿಷಯ ಅಲ್ಲ. ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆದಮೇಲಂತೂ "ಟೀಚರ್, ಅದು ಗಾಳೀಲಿ ಹೆಂಗೆ ನಿಲ್ಲುತ್ತೆ?" ಅನ್ನುವ ಪ್ರಶ್ನೆ ಪ್ರತಿ ವರ್ಷ ಬಂದೇ ಬರುತ್ತದೆ. ಬೋರ್ಡಿನ ಮೇಲೆ ಬಾಣ ಬರೆದು ತೋರಿಸುವುದಕ್ಕೂ, ಕಣ್ಣೆದುರು ಒಂದು ಹಾರುವುದಕ್ಕೂ ಬಹಳ ವ್ಯತ್ಯಾಸ ಇದೆ. ಅದಕ್ಕೇ ಇದು ಸರಿಯಾಗಲೇಬೇಕು.

ಕ್ಲಾಸಿನಲ್ಲಿ ಹಾರಿಸುವಾಗ ಗೋಡೆಗೆ ಬಡಿದು ಬಿತ್ತು. ಬಿದ್ದಮೇಲೂ ಒಂದೆರಡು ಕ್ಷಣ ರೆಕ್ಕೆ ಗೋಡೆಗೆ ಒತ್ತಿಕೊಂಡಿತ್ತು, ಮೋಟಾರ್ ಗುಂಯ್ ಅನ್ನುತ್ತಲೇ ಇತ್ತು. ಈಗ ಥ್ರಾಟಲ್ (ರೆಕ್ಕೆಯ ವೇಗ ಹೆಚ್ಚು-ಕಡಿಮೆ ಮಾಡುವ ಕಡ್ಡಿ) ಏರಿಸಿದರೆ ಇಡೀ ಹೆಲಿಕಾಪ್ಟರ್ ಬುಗುರಿ ತರ ಸುತ್ತುತ್ತದೆ. ಮೇಲಿನಿಂದ ನೋಡಿದರೆ ಅಪ್ರದಕ್ಷಿಣವಾಗಿ. ಮೈ ತಾನಾಗಿ ಸುತ್ತದಂತೆ ಹೊಂದಿಸುವ ಟ್ರಿಮ್ ಗುಂಡಿಯನ್ನು ಪೂರ್ತಿ ಎದುರು ದಿಕ್ಕಿಗೆ ತಿರುಗಿಸಿದರೂ ನಿಲ್ಲುವುದಿಲ್ಲ. ಮೊಣಕಾಲಿನ ಎತ್ತರಕ್ಕಿಂತ ಮೇಲೆ ಹೋಗುವುದೇ ಇಲ್ಲ.

ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ, ಲ್ಯಾಬಿನ ಮಲ್ಟಿಮೀಟರಿನಲ್ಲಿ 4.15 ವೋಲ್ಟ್ ತೋರಿಸುತ್ತದೆ. ರೆಕ್ಕೆ ಯಾವುದೂ ಮುರಿದಿಲ್ಲ. ಬಾಲದ ಪುಟ್ಟ ಫ್ಯಾನೂ ತಿರುಗುತ್ತದೆ. ಆನ್‌ಲೈನಿನಲ್ಲಿ ಮೋಟಾರ್, ಬೋರ್ಡ್, ಗಿಯರ್ ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಆದರೆ ಯಾವುದು ಕೆಟ್ಟಿದೆ ಅಂತ ಗೊತ್ತಿಲ್ಲದೆ ಸುಮ್ನೆ ಎಲ್ಲ ತರಿಸೋಕೆ ಮನಸ್ಸಿಲ್ಲ. ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಅವರೇ ಹುಡುಕುವ ಹಾಗೆ ರಿಪೇರಿ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?


ಗಾಳಿ_ಹುಡುಗ:

ಮೇಡಂ, ಹೆಲಿಕಾಪ್ಟರ್ ಸುತ್ತುತ್ತಿದೆ ಅಂದರೆ ಬಾಲದ ಫ್ಯಾನಿನ ಶಕ್ತಿ ಸಾಲುತ್ತಿಲ್ಲ ಅಂತ. ತಿರುಗಿದರೂ ಮೋಟಾರ್ ಸವೆದಿರಬಹುದು. ಬಾಲದ ಮೋಟಾರ್ ಬದಲಾಯಿಸಿ ನೋಡಿ, ಜಾಸ್ತಿ ದುಡ್ಡೂ ಆಗಲ್ಲ.


ಬೆಸುಗೆ_ಹಾಸನ:

ಮೇಡಂ, ಬಾಲದ ಮೋಟಾರ್ ಈಗಲೇ ತರಿಸಬೇಡಿ. ಮೇಲಿನ ಸ್ನೇಹಿತರು ಹೇಳಿದ್ದು ಧ್ರುವ್ ತರದ ಹೆಲಿಕಾಪ್ಟರಿಗೆ ಸರಿ. ಅದರಲ್ಲಿ ಮೇಲೆ ಒಂದೇ ದೊಡ್ಡ ರೋಟರ್, ಬಾಲದಲ್ಲಿ ನೆಟ್ಟಗೆ ನಿಂತ ಫ್ಯಾನ್. ಆ ಫ್ಯಾನ್ ಪಕ್ಕಕ್ಕೆ ಗಾಳಿ ತಳ್ಳಿ ಮೈ ಸುತ್ತದಂತೆ ತಡೆಯುತ್ತದೆ. ನಿಮ್ಮದರ ಬಾಲ ನೋಡಿ. ಫ್ಯಾನ್ ಮಲಗಿಕೊಂಡಿದೆ, ಅಲ್ವಾ? ಅದು ಗಾಳಿ ತಳ್ಳುವುದು ಮೇಲಕ್ಕೆ ಅಥವಾ ಕೆಳಕ್ಕೆ. ಬಾಲ ಎದ್ದರೆ ಹೆಲಿಕಾಪ್ಟರ್ ಮುಂದೆ ಹೋಗುತ್ತದೆ, ಬಾಲ ತಗ್ಗಿದರೆ ಹಿಂದೆ ಬರುತ್ತದೆ. ಅದರ ಕೆಲಸ ಅಷ್ಟೇ. ಸುತ್ತುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ನನ್ನದು ಹಾಸನದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಬೇಸಿಗೆ ರಜೆ ಬಂತು ಅಂದರೆ ಮಕ್ಕಳು ಅಪ್ಪ-ಅಮ್ಮನ ಕೈ ಹಿಡಿದುಕೊಂಡು ಇಂಥ ಹೆಲಿಕಾಪ್ಟರ್, ಡ್ರೋನ್ ತರುತ್ತಾರೆ. ಈ ಕೆಲಸದಲ್ಲಿ ದುಡ್ಡು ಕಡಿಮೆ, ಆದರೆ ನನಗೆ ಬಹಳ ಇಷ್ಟ. ಜಾಸ್ತಿ ಜನ ಬರುವಾಗಲೇ ಒಂದು ಹೊಸ ಬೋರ್ಡೋ ಮೋಟಾರೋ ಹಾಕಿಕೊಂಡು ಬಂದಿರುತ್ತಾರೆ, ತೊಂದರೆ ಮಾತ್ರ ಹಾಗೇ ಇರುತ್ತದೆ. ಪಾರ್ಟ್ ಕೊಳ್ಳುವ ಮೊದಲು ಹೆಲಿಕಾಪ್ಟರನ್ನೇ ಕೇಳಬೇಕು. ಅದು ಯಾವ ದಿಕ್ಕಿಗೆ ಸುತ್ತುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಹೇಗೆ ಅಂದರೆ, ರೆಕ್ಕೆ ಪ್ರದಕ್ಷಿಣವಾಗಿ ತಿರುಗಿದರೆ ಮೈ ಅಪ್ರದಕ್ಷಿಣವಾಗಿ ತಿರುಗಲು ನೋಡುತ್ತದೆ. ನಿಮ್ಮ ಪಾಠವೇ ಇದು. ಎರಡು ಜೋಡಿ ರೆಕ್ಕೆ ಎದುರು ಬದುರು ತಿರುಗಿದಾಗ ಎರಡೂ ಪ್ರತಿಕ್ರಿಯೆ ಒಂದನ್ನೊಂದು ಕಳೆದುಹಾಕುತ್ತವೆ, ಮೈ ನೆಟ್ಟಗೆ ನಿಲ್ಲುತ್ತದೆ. ಈಗ ಅಪ್ರದಕ್ಷಿಣ ತಿರುಗುವ ರೆಕ್ಕೆ ನಿಧಾನ ಆಯಿತು ಅನ್ನಿ. ಪ್ರದಕ್ಷಿಣ ತಿರುಗುವ ರೆಕ್ಕೆಯ ಪ್ರತಿಕ್ರಿಯೆ ಗೆಲ್ಲುತ್ತದೆ. ಅದು ಮೈಯನ್ನು ಅಪ್ರದಕ್ಷಿಣವಾಗಿ ತಳ್ಳುತ್ತದೆ. ಅಂದರೆ ಮೈ ಯಾವ ಕಡೆ ಸುತ್ತುತ್ತದೋ, ಅದೇ ಕಡೆ ತಿರುಗುವ ರೆಕ್ಕೆ ಸೋತಿದೆ. ಇದೊಂದು ಸೂತ್ರ ನೆನಪಿದ್ದರೆ ಅರ್ಧ ಹೆಲಿಕಾಪ್ಟರ್ ಬಿಚ್ಚುವ ಕೆಲಸ ತಪ್ಪುತ್ತದೆ.

ಬ್ಯಾಟರಿ ಮೇಲೆ ನನಗೆ ಅನುಮಾನ ಕಡಿಮೆ. ಬ್ಯಾಟರಿ ಸೋತರೆ ಎರಡೂ ರೆಕ್ಕೆ ಒಟ್ಟಿಗೆ ಸೋಲುತ್ತವೆ. ಮೇಲೆ ಏಳುವುದಿಲ್ಲ ನಿಜ, ಆದರೆ ಸುತ್ತುವುದೂ ಇಲ್ಲ.

ಬಿಚ್ಚುವ ಮೊದಲು ಎರಡು ಸುಲಭದ ವಿಷಯ ನೋಡಿ. ಒಂದು, ಸ್ವಿಚ್ ಹಾಕಿದ ತಕ್ಷಣ ಸಮತಟ್ಟಾದ ನೆಲದ ಮೇಲಿಟ್ಟು ಕೆಲವು ಸೆಕೆಂಡ್ ಮುಟ್ಟಬೇಡಿ. ಒಳಗಿನ ಗೈರೋ (ಮೈ ತಿರುಗುವುದನ್ನು ಗುರುತಿಸುವ ಚಿಪ್) ಆಗ "ಇದೇ ನಿಂತ ಸ್ಥಿತಿ" ಅಂತ ಗುರುತು ಹಾಕಿಕೊಳ್ಳುತ್ತದೆ. ಕೈಯಲ್ಲಿ ಹಿಡಿದುಕೊಂಡೇ ಸ್ವಿಚ್ ಹಾಕಿದರೆ ತಪ್ಪು ಗುರುತು ಹಾಕಿಕೊಂಡು ಒಂದು ಕಡೆ ಸುತ್ತುತ್ತಲೇ ಇರುತ್ತದೆ. ಎರಡು, ರೆಕ್ಕೆಗಳನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿ. ಒಂದು ರೆಕ್ಕೆ ತಿರುಚಿಕೊಂಡು ಓರೆ ಜಾಸ್ತಿ ಆಗಿದ್ದರೆ ಅದು ಗಾಳಿಯನ್ನು ಹೆಚ್ಚು ಎಳೆಯುತ್ತದೆ. ಆಗ ನನ್ನ ಸೂತ್ರ ದಾರಿ ತಪ್ಪಿಸುತ್ತದೆ. ರೆಕ್ಕೆ ಸರಿ ಇದ್ದರೆ ಮಾತ್ರ ಮುಂದೆ ಹೋಗಿ.

ಆಮೇಲೆ ಥ್ರಾಟಲ್ ಬಹಳ ಕಡಿಮೆ ಕೊಟ್ಟು, ಏಳುವ ಮೊದಲೇ, ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಮಕ್ಕಳ ಮುಖ ದೂರ ಇರಲಿ, ಉದ್ದ ಕೂದಲಿನವರು ಕಟ್ಟಿಕೊಳ್ಳಲಿ. ಅಪ್ರದಕ್ಷಿಣ ತಿರುಗುವುದು ಮೇಲಿನ ರೆಕ್ಕೆಯೋ ಕೆಳಗಿನದೋ ಹೇಳಿ. ನಂತರ ಬ್ಯಾಟರಿ ಸ್ವಿಚ್ ತೆಗೆದು ಎರಡನ್ನೂ ಬೆರಳಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಕೈಗೆ ಏನು ಗೊತ್ತಾಗುತ್ತದೆ ಅನ್ನುವುದನ್ನೂ ಬರೆಯಿರಿ.


ಗುಬ್ಬಿ_ವಿಜ್ಞಾನ:

ಸರ್, ಈ ವಿವರಣೆಯನ್ನು ಹಾಗೇ ಬೋರ್ಡಿನ ಮೇಲೆ ಬರೆದೆ. ಬಾಲದ ಫ್ಯಾನ್ ಮಲಗಿದೆ ಅನ್ನುವುದನ್ನು ಹಿಂದಿನ ಬೆಂಚಿನ ಒಬ್ಬ ಹುಡುಗ ಮೊದಲೇ ಗಮನಿಸಿದ್ದನಂತೆ, ಕೇಳೋಕೆ ಸಂಕೋಚ ಪಟ್ಟಿದ್ದ. ಅವನೇ ಮುಂದೆ ಬಂದು ಎಲ್ಲರಿಗೂ ತೋರಿಸಿದ.

ಗೈರೋ ವಿಷಯ ನೋಡಿದೆವು, ವ್ಯತ್ಯಾಸ ಆಗಲಿಲ್ಲ. ರೆಕ್ಕೆಗಳ ಓರೆ ಒಂದೇ ತರ ಇದೆ. ವಿಡಿಯೋ ಪ್ರಕಾರ ಅಪ್ರದಕ್ಷಿಣ ತಿರುಗುವುದು ಕೆಳಗಿನ ರೆಕ್ಕೆ. ಹಾಗಾದರೆ ಸೋತಿರುವುದು ಅದೇ. ಬೆರಳಲ್ಲಿ ತಿರುಗಿಸಿದರೆ ಮೇಲಿನದು ಹಗುರ. ಕೆಳಗಿನದು ಸ್ವಲ್ಪ ಬಿಗಿ, ಒಂದು ಜಾಗದಲ್ಲಿ ಚರಚರ ಅನ್ನುತ್ತದೆ. ಒಳಗೆ ಮೋಟಾರ್ ಹೋಗಿದೆ ಅಂತಲಾ?


ಬೆಸುಗೆ_ಹಾಸನ:

ಇನ್ನೂ ಹೇಳೋಕಾಗಲ್ಲ ಮೇಡಂ. ಚರಚರ ಅಂದರೆ ಮೊದಲು ಕೊಳೆ ನೋಡಬೇಕು. ಶಾಲೆ ಅಂದಮೇಲೆ ಚಾಕ್‌ಪೀಸ್ ಪುಡಿ. ಮನೆ ಅಂದರೆ ರಂಗೋಲಿ ಪುಡಿ. ರಂಗೋಲಿ ಪುಡಿ ಕಲ್ಲಿನ ಪುಡಿಯೇ, ಪ್ಲಾಸ್ಟಿಕ್ ಗಿಯರಿನ ಹಲ್ಲನ್ನು ಉಜ್ಜಿ ಉಜ್ಜಿ ಸವೆಸುತ್ತದೆ. ಜಗಲಿ ಮೇಲೆ ಹಾರಿಸಿದ ಹೆಲಿಕಾಪ್ಟರ್ ಅಂದರೆ ಗಿಯರ್ ನೋಡಿದ ಕೂಡಲೇ ನನಗೆ ಗೊತ್ತಾಗುತ್ತದೆ, ಹಲ್ಲಿನ ಸಂದಿಯಲ್ಲಿ ಬಣ್ಣಬಣ್ಣದ ಕಾಳು ಇರುತ್ತದೆ.

ಮೈಯ ಎರಡು ಪಕ್ಕದ ಸ್ಕ್ರೂ ಬಿಚ್ಚಿ. ಚಿಕ್ಕ ಪ್ಲಸ್ ಸ್ಕ್ರೂಡ್ರೈವರ್ ಬೇಕು, ಕನ್ನಡಕ ರಿಪೇರಿಯವರದು ಸಾಕು. ಸ್ಕ್ರೂಗಳನ್ನು ಬಿಚ್ಚಿದ ಜಾಗದ ಚಿತ್ರ ಬರೆದು ಅದರ ಮೇಲೇ ಇಡಿ, ಉದ್ದ ಬೇರೆ ಬೇರೆ ಇರುತ್ತದೆ. ಒಳಗೆ ಎರಡು ದೊಡ್ಡ ಗಿಯರ್, ಎರಡು ಮೋಟಾರ್ ಕಾಣುತ್ತವೆ. ಮೇಲಿನ ರೆಕ್ಕೆಗೆ ಹೋಗುವುದು ಒಳಗಿನ ತೆಳು ಶಾಫ್ಟ್. ಕೆಳಗಿನ ರೆಕ್ಕೆಗೆ ಹೋಗುವುದು ಅದರ ಹೊರಗಿನ ಕೊಳವೆ. ಈ ಎರಡರ ನಡುವೆ ಕೂದಲು ಸುತ್ತಿಕೊಂಡಿದ್ದರೆ ಚಿಮಟದಲ್ಲಿ ಎಳೆಯಿರಿ. ಒಣ ಬ್ರಷ್‌ನಲ್ಲಿ ಹಲ್ಲುಗಳನ್ನು ಉಜ್ಜಿ.

ಎಣ್ಣೆ ವಿಷಯದಲ್ಲಿ ಎಚ್ಚರ. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅದು 24 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ, ನಿಮ್ಮ ಕಡೆ ಡಿಸೆಂಬರ್ ಬೆಳಗ್ಗೆ ಅದಕ್ಕಿಂತ ತಣ್ಣಗಿರುತ್ತದೆ. ಹೊಲಿಗೆ ಮಿಷಿನ್ ಎಣ್ಣೆಯನ್ನು ಸೂಜಿ ತುದಿಯಲ್ಲಿ ಅದ್ದಿ ಶಾಫ್ಟ್ ಹೋಗುವ ಬುಷ್‌ಗೆ ಮಾತ್ರ ತಾಗಿಸಿ. ಗಿಯರ್ ಹಲ್ಲಿಗೆ ಹಾಕಿದರೆ ಚಾಕ್ ಪುಡಿ ಅಂಟಿ ಪೇಸ್ಟ್ ಆಗುತ್ತದೆ. ಮೋಟಾರಿನ ಒಳಗಂತೂ ಹೋಗಲೇಬಾರದು. ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ತುಂಡುಗಳಿರುತ್ತವೆ, ಅವಕ್ಕೂ ಬ್ರಷ್ ಅಂತಲೇ ಹೆಸರು; ಅವು ಸವೆದ ಪುಡಿ ಇರುತ್ತದೆ, ಎಣ್ಣೆ ಸೇರಿದರೆ ಅದೇ ಕರಿ ಕೆಸರಾಗಿ ಕರೆಂಟ್ ದಾರಿ ಕೆಡಿಸುತ್ತದೆ.

ಕೈಯಲ್ಲಿ ತಿರುಗಿಸುವಾಗ ಇನ್ನೊಂದು ಸೂಕ್ಷ್ಮ. ಮೋಟಾರ್ ಎರಡು ಪಕ್ಕ ಚಪ್ಪಟೆ ಇದ್ದರೆ ಸಾಮಾನ್ಯವಾಗಿ ಒಳಗೆ ಕಬ್ಬಿಣದ ತಿರುಳು ಇರುತ್ತದೆ. ಅದು ತಡೆದು ತಡೆದು ತಿರುಗುವುದು ಸಹಜ, ಆದರೆ ಆ ತಡೆ ಸಮಸಮವಾಗಿರಬೇಕು. ಪೂರ್ತಿ ಗುಂಡಗಿನ ಚಿಕ್ಕ ಡಬ್ಬಿ ಆದರೆ ಅದು ಬಹುಪಾಲು ಕೋರ್‌ಲೆಸ್, ಅಂದರೆ ಕಬ್ಬಿಣದ ತಿರುಳಿಲ್ಲದ ಮೋಟಾರ್. ಅದರಲ್ಲಿ ತಡೆಯೇ ಇರಬಾರದು. ಏನಾದರೂ ತಡೆ ಸಿಕ್ಕರೆ ಮೊದಲು ಗಿಯರ್ ಮೇಲೆ ಅನುಮಾನ ಪಡಿ.


ಕೆಂಗೇರಿ_450:

ನಾನು ಬೆಂಗಳೂರಿನಲ್ಲಿ 450 ಸೈಜಿನ ಹೆಲಿಕಾಪ್ಟರ್ ಹಾರಿಸುತ್ತೇನೆ. ಅದು ಬೇರೆಯೇ ಜಾತಿ, ಆದರೆ ಬಿದ್ದಮೇಲೆ ನೋಡುವ ಒಂದು ವಿಷಯ ಎರಡಕ್ಕೂ ಒಂದೇ. ಶಾಫ್ಟ್ ಬಾಗಿದೆಯೋ ಇಲ್ಲವೋ. ಒಳಗಿನ ಶಾಫ್ಟ್ ಹೊರಗೆ ಬಂದಾಗ ಅದನ್ನು ಗಾಜಿನ ಮೇಲೆ ಉರುಳಿಸಿ. ಲ್ಯಾಬಿನಲ್ಲಿ ಗಾಜಿನ ಸ್ಲ್ಯಾಬ್ ಇರುತ್ತದಲ್ಲ, ವಕ್ರೀಭವನ ಪ್ರಯೋಗದ್ದು, ಅದು ಸಾಕು. ಕಣ್ಣನ್ನು ಗಾಜಿನ ಮಟ್ಟಕ್ಕೆ ತನ್ನಿ. ಶಾಫ್ಟಿನ ಕೆಳಗೆ ಬೆಳಕಿನ ಗೆರೆ ಬಂದು ಹೋಗಿ ಮಾಡಿದರೆ ಬಾಗಿದೆ. ಬಾಗಿದ್ದನ್ನು ನೆಟ್ಟಗೆ ಮಾಡೋಕೆ ಹೋಗಬೇಡಿ, ಬದಲಾಯಿಸಿ.

ಮೇಲಿನ ಬ್ಯಾಲೆನ್ಸ್ ಬಾರಿನಿಂದ ರೆಕ್ಕೆಗೆ ಬರುವ ಪುಟ್ಟ ಕೊಂಡಿಯನ್ನೂ ನೋಡಿ. ಒಂದು ಕಡೆ ಕಳಚಿದ್ದರೆ ಹೆಲಿಕಾಪ್ಟರ್ ವಾಲಾಡುತ್ತದೆ. ಸುತ್ತುವುದಕ್ಕೆ ಅದು ಕಾರಣ ಅಲ್ಲ, ಆದರೆ ಒಂದು ರಿಪೇರಿ ಆದಮೇಲೆ ಇನ್ನೊಂದು ಕಾಟ ಬೇಡ.


ಗುಬ್ಬಿ_ವಿಜ್ಞಾನ:

ಇಬ್ಬರಿಗೂ ಧನ್ಯವಾದ. ಬಿಚ್ಚಿದೆವು. ಕೆಳಗಿನ ಗಿಯರಿನ ಅಡಿಯಲ್ಲಿ ಚಾಕ್ ಪುಡಿ ಗಟ್ಟಿಯಾಗಿ ಕೂತಿತ್ತು. ಅದರೊಳಗೆ ಒಂದು ಉದ್ದ ಕೂದಲು ಸುತ್ತಿಕೊಂಡಿತ್ತು. ಒಬ್ಬಳು ಹುಡುಗಿ ಚಿಮಟದಲ್ಲಿ ಉಸಿರು ಬಿಗಿಹಿಡಿದು ಎಳೆದಳು, ತುಂಡಾಗದೆ ಪೂರ್ತಿ ಬಂತು. ಶಾಫ್ಟ್ ಗಾಜಿನ ಮೇಲೆ ನೆಟ್ಟಗೆ ಉರುಳಿತು. ಕೊಂಡಿಗಳು ಸರಿ ಇವೆ. ಮೋಟಾರ್ ಎರಡೂ ಚಪ್ಪಟೆ ಮೈಯವು.

ಈಗ ಕೆಳಗಿನ ರೆಕ್ಕೆ ಕೈಯಲ್ಲಿ ಹಗುರವಾಗಿ ತಿರುಗುತ್ತದೆ. ಹಾರಿಸಿದರೆ ಸುತ್ತುವುದು ಕಡಿಮೆಯಾಗಿದೆ. ಟ್ರಿಮ್ ಪೂರ್ತಿ ಕೊಟ್ಟರೆ ಸೊಂಟದೆತ್ತರ ಏಳುತ್ತದೆ. ಥ್ರಾಟಲ್ ಜಾಸ್ತಿ ಮಾಡಿದ ಕೂಡಲೇ ಮತ್ತೆ ಸುತ್ತು ಶುರು. ಇನ್ನೂ ಏನೋ ಇದೆ.


ಬೆಸುಗೆ_ಹಾಸನ:

"ಥ್ರಾಟಲ್ ಜಾಸ್ತಿ ಮಾಡಿದರೆ" ಅಂದಿರಲ್ಲ, ಅದು ಒಳ್ಳೆಯ ಸುಳಿವು. ನಿಧಾನ ಇರುವಾಗ ಹಿಡಿದುಕೊಂಡಿರುವ ಯಾವುದೋ ಒಂದು, ಬಲ ಬಿದ್ದಾಗ ಜಾರುತ್ತಿದೆ. ಇಲ್ಲವೇ ಮೋಟಾರಿಗೆ ಬೇಕಾದಷ್ಟು ಕರೆಂಟ್ ಬರುತ್ತಿಲ್ಲ. ಈ ಎರಡನ್ನು ಬೇರೆ ಮಾಡೋಕೆ ಮಲ್ಟಿಮೀಟರ್ ಸಾಕು.

ಮುಚ್ಚಳ ತೆಗೆದೇ, ಹೆಲಿಕಾಪ್ಟರನ್ನು ಕೆಳಗಿನ ಕಾಲುಗಳ ಹತ್ತಿರ ಟೇಬಲ್ಲಿಗೆ ಟೇಪ್ ಹಾಕಿ ಬಿಗಿಯಾಗಿ ನಿಲ್ಲಿಸಿ. ಮುಖ್ಯವಾದ ಮಾತು, ರೆಕ್ಕೆಗೆ ಯಾವುದೂ ತಾಗಬಾರದು. ಥ್ರಾಟಲ್ ಅರ್ಧದಲ್ಲಿ ಇಟ್ಟು, ಟ್ರಿಮ್ ನಡುವಿನಲ್ಲಿಟ್ಟು, ಮಲ್ಟಿಮೀಟರ್ ಡಿಸಿ ವೋಲ್ಟಿನಲ್ಲಿಟ್ಟು ಮೊದಲು ಒಂದು ಮೋಟಾರಿನ ಎರಡು ತಂತಿ ಮುಟ್ಟಿಸಿ, ಆಮೇಲೆ ಇನ್ನೊಂದರದು. ಎರಡೂ ಹೆಚ್ಚುಕಮ್ಮಿ ಒಂದೇ ಇದ್ದರೆ ಬೋರ್ಡ್ ಚೆನ್ನಾಗಿದೆ. ಸೋತ ರೆಕ್ಕೆಯ ಮೋಟಾರಿಗೆ ಬಹಳ ಕಡಿಮೆ ಬಂದರೆ ಬೋರ್ಡು ಅಥವಾ ಬೆಸುಗೆ ನೋಡಬೇಕು. ಬೋರ್ಡಿನ ಹತ್ತಿರ ತಂತಿ ಸೇರುವ ಜಾಗವನ್ನು ಕಡ್ಡಿಯಲ್ಲಿ ಮೆಲ್ಲಗೆ ಒತ್ತಿ, ಅಲ್ಲಾಡುತ್ತದಾ ನೋಡಿ. ಬೆಸುಗೆ ಹಾಕಬೇಕಾಗಿ ಬಂದರೆ ಮೊದಲು ಬ್ಯಾಟರಿ ತಂತಿ ಬೇರೆ ಮಾಡಿ, ಅದೂ ಒಂದೊಂದಾಗಿ. ಎರಡೂ ಒಟ್ಟಿಗೆ ತಾಗಿದರೆ ಶಾರ್ಟ್ ಆಗುತ್ತದೆ.

ಕರೆಂಟ್ ಸರಿ ಇದ್ದರೆ ಪಿನಿಯನ್ ನೋಡಿ. ಮೋಟಾರಿನ ತುದಿಯಲ್ಲಿ ದೊಡ್ಡ ಗಿಯರನ್ನು ತಿರುಗಿಸುವ ಪುಟಾಣಿ ಗಿಯರ್ ಇದೆಯಲ್ಲ, ಅದು. ಅದನ್ನು ಶಾಫ್ಟಿಗೆ ಒತ್ತಿ ಕೂರಿಸಿರುತ್ತಾರೆ ಅಷ್ಟೇ, ಬೇರೆ ಹಿಡಿತ ಇಲ್ಲ. ರೆಕ್ಕೆ ಗೋಡೆಗೆ ಒತ್ತಿಕೊಂಡು ಮೋಟಾರ್ ಗುಂಯ್ ಅನ್ನುತ್ತಿತ್ತು ಅಂತ ಮೊದಲೇ ಬರೆದಿದ್ದಿರಿ. ರೆಕ್ಕೆ ನಿಂತಿದೆ, ಮೋಟಾರ್ ತಿರುಗಿಸಲು ನೋಡುತ್ತಿದೆ. ಆ ಎಳೆದಾಟದಲ್ಲಿ ಪ್ಲಾಸ್ಟಿಕ್ ಪಿನಿಯನ್ ಸೀಳುತ್ತದೆ. ಸೀಳು ಕೂದಲೆಳೆಯಷ್ಟು, ಬರಿಗಣ್ಣಿಗೆ ಕಾಣುವುದಿಲ್ಲ.

ಕಾಣದಿದ್ದರೂ ಹಿಡಿಯಬಹುದು. ತೆಳು ತುದಿಯ ಮಾರ್ಕರಿನಲ್ಲಿ ಮೋಟಾರ್ ಶಾಫ್ಟಿನ ತುದಿಯಿಂದ ಶುರುಮಾಡಿ ಪಿನಿಯನ್ ಮುಖದ ಮೇಲೆ ಒಂದೇ ನೇರ ಗೆರೆ ಎಳೆಯಿರಿ. ಎರಡೂ ಮೋಟಾರಿಗೆ ಎಳೆಯಿರಿ. ಗೆರೆ ಒಣಗಲಿ. ಥ್ರಾಟಲ್ ಒಮ್ಮೆ ಪೂರ್ತಿ ಏರಿಸಿ ಇಳಿಸಿ. ಮತ್ತೆ ನೋಡಿ. ಗೆರೆ ನೇರ ಇದ್ದರೆ ಪಿನಿಯನ್ ಜಾರಿಲ್ಲ. ಮುರಿದು ಎರಡು ತುಂಡಾಗಿದ್ದರೆ ಜಾರಿದೆ. ಇದಕ್ಕಿಂತ ಖಚಿತವಾದ ಪರೀಕ್ಷೆ ನನಗೆ ಗೊತ್ತಿಲ್ಲ. ಮಕ್ಕಳಿಗೂ ಕಣ್ಣಾರೆ ಕಾಣುತ್ತದೆ.


ಗುಬ್ಬಿ_ವಿಜ್ಞಾನ:

ಸಿಕ್ಕಿತು ಸರ್!

ಮೇಲಿನ ರೆಕ್ಕೆಯ ಮೋಟಾರಿಗೆ 2.4 ವೋಲ್ಟ್, ಕೆಳಗಿನದಕ್ಕೆ 2.5. ಅಂದರೆ ಬೋರ್ಡ್ ಸರಿ ಇದೆ. ಗೆರೆ ಎಳೆದೆವು. ಮೇಲಿನ ಮೋಟಾರಿನ ಗೆರೆ ಹಾಗೇ ಇತ್ತು. ಕೆಳಗಿನದರಲ್ಲಿ ಶಾಫ್ಟಿನ ತುದಿಯ ಗೆರೆ ಒಂದು ಕಡೆ, ಪಿನಿಯನ್ ಮೇಲಿನ ಗೆರೆ ಬೇರೆ ಕಡೆ. ಭೂತಗನ್ನಡಿಯಲ್ಲಿ ನೋಡಿದರೆ ಎರಡು ಹಲ್ಲಿನ ನಡುವೆ ಸಣ್ಣ ಸೀಳು ಕಾಣುತ್ತದೆ. ಮಕ್ಕಳು ಸರದಿಯಲ್ಲಿ ನಿಂತು ನೋಡಿದರು, ಎಂಟನೇ ಕ್ಲಾಸಿನವರೂ ಬಂದು ನೋಡಿಕೊಂಡು ಹೋದರು.

ಈಗ ಹೊಸ ಪಿನಿಯನ್ ಹೇಗೆ ಹಾಕಲಿ? ಫೆವಿಕ್ವಿಕ್ ಒಂದು ಹನಿ ಹಾಕಿದರೆ ಸಾಕು ಅಂತ ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದಾರೆ.


ಬೆಸುಗೆ_ಹಾಸನ:

ಬಹಳ ಸಂತೋಷ ಆಯಿತು ಮೇಡಂ. ಫೆವಿಕ್ವಿಕ್ ಬೇಡ. ಅದು ಹರಿದು ಮೋಟಾರಿನ ಬುಷ್ ಒಳಗೆ ಹೋದರೆ ಮೋಟಾರೇ ಹೋಯಿತು. ಹಿಡಿದರೂ ಸೀಳಿದ ಪಿನಿಯನ್ ಮತ್ತೆ ಬಿಡುತ್ತದೆ.

ಸೀಳಿದ್ದು ಸುಲಭವಾಗಿ ಕೈಗೆ ಬರುತ್ತದೆ, ಚಿಮಟದಲ್ಲಿ ನೇರ ಮೇಲಕ್ಕೆ ಎಳೆಯಿರಿ. ಹಲ್ಲು ಎಣಿಸಿ. ಮೋಟಾರ್ ಶಾಫ್ಟಿನ ದಪ್ಪ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ. ಇಂಥ ಮೋಟಾರಿನಲ್ಲಿ 0.8 ಅಥವಾ 1 ಮಿಲಿಮೀಟರ್ ಇರುತ್ತದೆ. ಹಲ್ಲಿನ ಎಣಿಕೆ, ರಂಧ್ರದ ಅಳತೆ, ಹೊರಗಿನ ವ್ಯಾಸ, ಈ ಮೂರೂ ಹೊಂದಬೇಕು. ಬೆಂಗಳೂರಿಗೆ ಯಾರಾದರೂ ಹೋಗುವವರಿದ್ದರೆ ಎಸ್.ಪಿ. ರೋಡಿನಲ್ಲಿ ವಿಚಾರಿಸಲಿ, ಹಳೆಯದನ್ನು ಮಾದರಿಗೆ ಕೊಟ್ಟು ಕಳಿಸಿ.

ಹೊಸ ಪ್ಲಾಸ್ಟಿಕ್ ಪಿನಿಯನ್ನನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ತಕ್ಷಣ ಶಾಫ್ಟಿಗೆ ನೇರವಾಗಿ ಒತ್ತಿ. ಬಿಸಿಗೆ ಸ್ವಲ್ಪ ಮೆತ್ತಗಾಗಿ ಕೂರುತ್ತದೆ, ಆರಿದಮೇಲೆ ಹಿಡಿದುಕೊಳ್ಳುತ್ತದೆ. ಒತ್ತುವಾಗ ಮೋಟಾರಿನ ಹಿಂದಿನ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಭಾರ ಬೀಳಬಾರದು, ಒಳಗೆ ಬ್ರಷ್ ಇರುತ್ತದೆ. ಪಿನಿಯನ್ ಮೋಟಾರ್ ಮೈಗೆ ತಾಗದ ಹಾಗೆ ಒಂದು ಕಾಗದದ ದಪ್ಪ ಜಾಗ ಬಿಡಿ. ಎರಡೂ ಮೋಟಾರಿಗೆ ಮತ್ತೆ ಗೆರೆ ಎಳೆದೇ ಮುಚ್ಚಿ.

ಇನ್ನು ಮುಂದೆ ಗೋಡೆ ಹತ್ತಿರ ಬಂತು ಅಂದರೆ ಮೊದಲು ಥ್ರಾಟಲ್ ಸೊನ್ನೆ. ಬೀಳುವುದರಿಂದ ಇವು ಅಷ್ಟಾಗಿ ಕೆಡುವುದಿಲ್ಲ, ಹಗುರ. ಸಿಕ್ಕಿಕೊಂಡ ರೆಕ್ಕೆಯನ್ನು ಮೋಟಾರ್ ತಳ್ಳುವುದರಿಂದ ಕೆಡುತ್ತವೆ. ಮಕ್ಕಳ ಕೈಗೆ ರಿಮೋಟ್ ಕೊಡುವಾಗ ಹಾರಿಸುವುದನ್ನಲ್ಲ, ಥ್ರಾಟಲ್ ಇಳಿಸುವುದನ್ನು ಮೊದಲು ಅಭ್ಯಾಸ ಮಾಡಿಸಿ.


ಗಾಳಿ_ಹುಡುಗ:

ಒಳ್ಳೆ ಮಾಹಿತಿ ಸರ್. ಹಾಗಾದರೆ ದೊಡ್ಡ ಹೆಲಿಕಾಪ್ಟರಿನಲ್ಲೂ ಇಂಥ ಎರಡು ಜೋಡಿ ರೆಕ್ಕೆಯವು ಇವೆಯಾ, ಅಥವಾ ಆಟಿಕೆಯಲ್ಲಿ ಮಾತ್ರವಾ?


ಕೆಂಗೇರಿ_450:

ಇವೆ. ನಮ್ಮ ನೌಕಾಪಡೆಯ ಕಾಮೋವ್-31 ಇದೇ ತರ, ಬಾಲದಲ್ಲಿ ಫ್ಯಾನ್ ಇಲ್ಲ. ಮಂಗಳ ಗ್ರಹದಲ್ಲಿ 2021ರ ಏಪ್ರಿಲ್ 19ರಂದು ಮೊದಲ ಸಲ ಹಾರಿದ ನಾಸಾದ ಇಂಜೆನ್ಯುಯಿಟಿ ಕೂಡ ಹೀಗೇ, ಒಂದರ ಮೇಲೊಂದು ಎರಡು ರೋಟರ್. ಅದು ಒಟ್ಟು 72 ಸಲ ಹಾರಿತು. 2024ರ ಜನವರಿಯಲ್ಲಿ ರೆಕ್ಕೆಗೆ ಪೆಟ್ಟಾಗಿ ನಿಂತಿತು. ಮೇಡಂ, ಇದನ್ನೂ ಮಕ್ಕಳಿಗೆ ಹೇಳಿ.


ಗುಬ್ಬಿ_ವಿಜ್ಞಾನ:

ಪಿನಿಯನ್ ಸಿಕ್ಕಿತು, ಹಾಕಿದೆವು, ಹಾರಿತು. ಟ್ರಿಮ್ ನಡುವಿನಲ್ಲೇ ಇಟ್ಟರೂ ನೆಟ್ಟಗೆ ನಿಲ್ಲುತ್ತದೆ. ಮೊದಲ ಸಲ ಕಿಟಕಿ ಪಕ್ಕ ಬಿಸಿಲಿಗೆ ಹೋದಾಗ ರಿಮೋಟ್ ಮಾತು ಕೇಳಲಿಲ್ಲ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುತ್ತದೆ ಅಂತ ಮಕ್ಕಳೇ ಕಾರಣ ಹೇಳಿದರು. ಪರದೆ ಎಳೆದು ಹಾರಿಸಿದೆವು. ಇಂಜೆನ್ಯುಯಿಟಿ ವಿಷಯಕ್ಕೆ ಒಂದು ಪಿರಿಯಡ್ ಪೂರ್ತಿ ಹೋಯಿತು, ಮಂಗಳದ ತೆಳು ಗಾಳಿಯಲ್ಲಿ ಹೇಗೆ ಏಳುತ್ತದೆ ಅಂತ ಕೇಳಿ ಕೇಳಿ ಸಾಕುಮಾಡಿದರು.

ಕೊನೆಯದಾಗಿ ಒಂದು ಪ್ರಶ್ನೆ. ದಸರಾ ರಜೆಯಲ್ಲಿ ಇದನ್ನು ಬೀರುವಿನಲ್ಲಿ ಇಡುತ್ತೇನೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಇಡಲಾ, ಖಾಲಿ ಮಾಡಿ ಇಡಲಾ?


ಬೆಸುಗೆ_ಹಾಸನ:

ಎರಡೂ ಬೇಡ. ಇದು ಲಿಥಿಯಂ ಪಾಲಿಮರ್ ಬ್ಯಾಟರಿ. ಪೂರ್ತಿ ತುಂಬಿದಾಗ 4.2 ವೋಲ್ಟ್. 3 ವೋಲ್ಟಿಗಿಂತ ಕೆಳಗೆ ಇಳಿದರೆ ಕೆಡುತ್ತದೆ. ಅರ್ಧ ಚಾರ್ಜಿನಲ್ಲಿ, 3.8 ವೋಲ್ಟ್ ಹತ್ತಿರ ಇಟ್ಟು ಸ್ವಿಚ್ ಆಫ್ ಮಾಡಿ. ಹಾರಿಸಿದ ತಕ್ಷಣ ಬಿಸಿ ಇರುವಾಗ ಚಾರ್ಜಿಗೆ ಹಾಕಬೇಡಿ, ಆರಲಿ. ಚಾರ್ಜ್ ಆಗುವಾಗ ಯಾರಾದರೂ ದೊಡ್ಡವರು ಹತ್ತಿರ ಇರಲಿ. ಬ್ಯಾಟರಿ ಉಬ್ಬಿದ್ದು ಕಂಡರೆ ಮತ್ತೆ ಚಾರ್ಜ್ ಮಾಡಲೇಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಬೀರುವಿನಲ್ಲಿ ಸ್ಪಿರಿಟ್, ಕಾಗದ ಇರುವ ಖಾನೆ ಬಿಟ್ಟು ಬೇರೆ ಕಡೆ ಇಡಿ. ರಜೆ ಮುಗಿದಮೇಲೆ ಮೊದಲು ವೋಲ್ಟ್ ನೋಡಿ, ಆಮೇಲೆ ಚಾರ್ಜ್ ಮಾಡಿ.